ನೂಲಿನ ತೂಕ

ತಕ್ಕಡಿಯ ಮೇಲೆ ಇಟ್ಟರೆ ಬೆಕ್ಕು ಕೂರಲಿಲ್ಲ, ಹರಡಿಕೊಂಡಿತು. ಪ್ರಾಣಿಗಳ ಡಾಕ್ಟರಮ್ಮ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅಂಕಿ ಓದಿದರು. ಏಳು ಕಿಲೋ ಇನ್ನೂರು. ಹೋದ ವರ್ಷ ಚುಚ್ಚುಮದ್ದಿಗೆ ಬಂದಾಗ ಬರೆದ ಚೀಟಿಯಲ್ಲಿ ಐದು ಕಿಲೋ ಎಂಟುನೂರು ಎಂದಿತ್ತು.

“ಮನೇಲಿ ಇವನಿಗೆ ಊಟ ಹಾಕೋರು ಎಷ್ಟು ಜನ?”

“ನಾನೊಬ್ಬಳೇ.”

“ಎಲ್ರೂ ಹೀಗೇ ಹೇಳ್ತಾರೆ,” ಎಂದು ಡಾಕ್ಟರಮ್ಮ ನಕ್ಕರು.

ಚೆಕಿಂಗಮ್ಮನಿಗೆ ಆ ನಗು ಹಿಡಿಸಲಿಲ್ಲ. ಬಟ್ಟೆ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳು ಆಕೆ. ಹೊಲಿದು ಮುಗಿದ ಅಂಗಿಗಳು ರಾಶಿ ರಾಶಿಯಾಗಿ ಅವಳ ಮೇಜಿಗೆ ಬರುತ್ತಿದ್ದವು. ಒಂದೊಂದನ್ನೂ ಒಳಹೊರಗು ಮಾಡಿ, ಹೊಲಿಗೆಯುದ್ದಕ್ಕೂ ಹೆಬ್ಬೆರಳು ಓಡಿಸಿ, ಎಲ್ಲಿ ದಾರ ತಪ್ಪಿದೆ, ಎಲ್ಲಿ ಗುಂಡಿ ಸಡಿಲ ಎಂದು ಹಿಡಿದು ಕೆಂಪು ಚೀಟಿ ಅಂಟಿಸುವುದು ಅವಳ ಕೆಲಸ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಕಾರ್ಖಾನೆಯ ಹುಡುಗಿಯರು ಇಟ್ಟ ಅಡ್ಡಹೆಸರು ಹೇಗೋ ಗಂಡನ ಬಾಯಿಗೆ ಬಂದು, ಅಲ್ಲಿಂದ ಮನೆಯಲ್ಲೇ ಬೀಡುಬಿಟ್ಟಿತ್ತು. ಎದುರಿಗೆ ಯಾರಾದರೂ ಬಂದು ನಿಂತರೆ ಮುಖಕ್ಕಿಂತ ಮೊದಲು ಕಾಲರು ನೋಡುವ ಹೆಂಗಸು. ಅಂಥವಳ ಮನೆಯಲ್ಲೇ ಯಾರೋ ಅವಳ ಕಣ್ಣಿಗೆ ಮಣ್ಣೆರಚಿ ಬೆಕ್ಕಿಗೆ ತಿನ್ನಿಸುತ್ತಿದ್ದಾರೆಯೇ?

“ಹಾಗಂತ ಒಮ್ಮೆಲೇ ಉಪವಾಸ ಕೆಡವಬೇಡಿ,” ಡಾಕ್ಟರಮ್ಮ ಹೇಳಿದರು. “ಬೆಕ್ಕು ಎರಡು ದಿನ ಹೊಟ್ಟೆ ಖಾಲಿ ಬಿಟ್ರೆ ಲಿವರೇ ಕೆಟ್ಟುಹೋಗುತ್ತೆ. ತೂಕ ಮಾಡಿ ಹಾಕಿ, ಹೊತ್ತು ಹೊತ್ತಿಗೆ ಹಾಕಿ. ಬೇರೆ ಪ್ರಾಣಿಗಳ ಬಟ್ಟಲು ಇವನಿಗೆ ಸಿಗದ ಹಾಗೆ ನೋಡ್ಕೊಳ್ಳಿ. ತಿಂಗಳಿಗೆ ನೂರೈವತ್ತು ಗ್ರಾಂ ಇಳಿದ್ರೂ ಬೇಕಾದಷ್ಟಾಯ್ತು. ಇಳೀಲಿಲ್ಲ ಅಂದ್ರೆ ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ ಅಂದ್ಕೊಳ್ಳಿ.”

ಬೆಕ್ಕಿನ ಹೆಸರು ನೂಲು. ಆರು ವರ್ಷದ ಹಿಂದೆ ಕಾರ್ಖಾನೆಯ ದಾರದ ಗೋದಾಮಿನಲ್ಲಿ ಎರಡು ಮರಿಗಳು ಸಿಕ್ಕಿದ್ದವು. ಒಂದು ದಾರದೆಳೆಯ ಹಾಗೆ ಸಣಕಲು, ಇನ್ನೊಂದು ಮುಟ್ಟಿದರೆ ಚುಚ್ಚುತ್ತಿತ್ತು. ನೂಲು, ಸೂಜಿ ಎಂದು ಕರೆದು ಚೆಕಿಂಗಮ್ಮ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದಳು. ಸೂಜಿ ಸೂಜಿಯಾಗಿಯೇ ಉಳಿಯಿತು. ನೂಲು ಹಗ್ಗವಾಯಿತು, ಹಗ್ಗ ಮೂಟೆಯಾಯಿತು. ಸೂಜಿಯದು ಬೆಕ್ಕಿನ ಒಣ ಆಹಾರದ ಎರಡು ಕಾಳು ತಿಂದು ಹೋಗಿ, ಇನ್ನೊಂದು ಗಳಿಗೆಗೆ ಬಂದು ಇನ್ನೆರಡು ತಿನ್ನುವ ಅಭ್ಯಾಸ. ಅವಳು ಬಿಟ್ಟುಹೋದದ್ದನ್ನೆಲ್ಲ ನೂಲು ನುಂಗಿ ನೀರು ಕುಡಿಯುತ್ತಿತ್ತು. ಅಷ್ಟು ಚೆಕಿಂಗಮ್ಮನಿಗೂ ಗೊತ್ತಿತ್ತು. ಆದರೆ ಅಷ್ಟಕ್ಕೇ ಒಂದು ಕಿಲೋ ನಾನೂರು ಗ್ರಾಂ ಏರುತ್ತದೆಯೇ? ಅದೂ ಬಹುಪಾಲು ಈಚಿನ ತಿಂಗಳುಗಳಲ್ಲಿ?

ಈಚಿನ ತಿಂಗಳು ಎಂದಾಗ ಅವಳ ಮನಸ್ಸು ತಾನಾಗಿಯೇ ಹಿಂದಿನ ಕೋಣೆಯ ಕಡೆಗೆ ಹೊರಳಿತು.

ಐದು ತಿಂಗಳ ಹಿಂದೆ ನಾದಿನಿ ಒಂದು ಸೂಟ್‌ಕೇಸು, ಒಂದು ನಾಯಿಯ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದಳು. “ಅಲ್ಲಿ ಇರೋಕೆ ಆಗ್ಲಿಲ್ಲ, ಅಣ್ಣ,” ಎಂದವಳು ಮುಂದಕ್ಕೆ ಒಂದು ಮಾತೂ ಆಡಲಿಲ್ಲ. ಅಣ್ಣ, ಎಂದರೆ ಚೆಕಿಂಗಮ್ಮನ ಗಂಡ, ಶಾಲೆಯ ವ್ಯಾನು ಓಡಿಸುವವನು, ಕೆದಕುವ ಜಾಯಮಾನದವನಲ್ಲ. ಅತ್ತೆ ಎರಡು ದಿನ ಕಣ್ಣೊರೆಸಿಕೊಂಡು ಸುಮ್ಮನಾದರು. ಚೆಕಿಂಗಮ್ಮ ಮಾತ್ರ ಆ ಒಂದು ಮಾತನ್ನೇ ಒಳಹೊರಗು ಮಾಡಿ ನೋಡುತ್ತಲೇ ಇದ್ದಳು. ನಾದಿನಿಯ ಗಂಡನನ್ನು ಆಕೆ ನಾಲ್ಕೈದು ಸಲ ನೋಡಿದ್ದಳು. ಮೆಲುದನಿ, ಇಸ್ತ್ರಿ ಮಾಡಿದ ಅಂಗಿ, ಗೆರೆ ಎಳೆದ ಹಾಗೆ ನೆಟ್ಟಗಿನ ಕಾಲರು. ಅಂಥವನನ್ನು ಬಿಟ್ಟು ಬಂದಿದ್ದಾಳೆಂದರೆ ದಾರ ತಪ್ಪಿದ್ದು ಎಲ್ಲೋ ಇವಳ ಕಡೆಯಿಂದಲೇ ಇರಬೇಕು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ನಾಯಿಯ ಹೆಸರು ಕಂಬಳಿ. ಹತ್ತು ವರ್ಷದ ಮುದಿ ನಾಯಿ, ಮೈತುಂಬ ಗೇಣುದ್ದ ಕೂದಲು. ಅದನ್ನು ನೋಡಿ ಚೆಕಿಂಗಮ್ಮ ಅವತ್ತೇ ಮಾತು ಮುಗಿಸಿದ್ದಳು: “ನಾಯಿ ಇರ್ಲಿ. ಆದ್ರೆ ನನಗೆ ಎರಡು ಬೆಕ್ಕೇ ಸಾಕುಸಾಕಾಗಿದೆ. ವಯಸ್ಸಾದ ನಾಯಿ, ಕಾಯಿಲೆ ಕಸಾಲೆ ಅಂತ ಶುರುವಾದ್ರೆ ನನ್ನ ಕೈಲಾಗಲ್ಲ. ಈಗ್ಲೇ ಹೇಳ್ಬಿಡ್ತೀನಿ.” ನಾದಿನಿ ತಲೆಯಾಡಿಸಿ, ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಿದ್ದಳು.

ಡಾಕ್ಟರಮ್ಮನ ಹತ್ತಿರ ಹೋಗಿ ಬಂದ ಸಂಜೆ ಚೆಕಿಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕಟ್ಟಪ್ಪಣೆ ಮಾಡಿದಳು. ನೂಲಿನ ಕಾಳನ್ನು ಬೆಳಿಗ್ಗೆ, ಸಂಜೆ ತಾನೇ ತೂಗಿ ಹಾಕುತ್ತೇನೆ. ಸೂಜಿಯ ಬಟ್ಟಲು ಇನ್ನು ಬೀರುವಿನ ತಲೆಯ ಮೇಲೆ. ಅಲ್ಲಿಗೆ ಹಾರುವ ತಾಕತ್ತು ಈ ಮನೆಯಲ್ಲಿ ಅವಳೊಬ್ಬಳಿಗೇ ಇದೆ. ಕಂಬಳಿಯ ಊಟ ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಊಟ ಮುಗಿದ ತಕ್ಷಣ ಬಟ್ಟಲು ತೊಳೆದಿಡಬೇಕು.

“ಆಗ್ಲಿ ಅತ್ತಿಗೆ,” ಎಂದಳು ನಾದಿನಿ.

“ಆಗ್ಲಮ್ಮ,” ಎಂದರು ಅತ್ತೆ.

“ನನ್ನ ತಟ್ಟೆ ಎಲ್ಲಿಡ್ಬೇಕು? ಬೀರು ಮೇಲಾ?” ಎಂದ ಗಂಡ. ಯಾರೂ ನಗಲಿಲ್ಲ.

ಭಾನುವಾರ ಭಾನುವಾರ ತೂಕ. ಮೊದಲು ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಲ್ಲುವುದು, ಆಮೇಲೆ ಬರಿಗೈಲಿ ನಿಲ್ಲುವುದು, ಒಂದರಿಂದ ಒಂದು ಕಳೆಯುವುದು. ತನ್ನ ತೂಕ ಬೇರೆಯವರ ಕಣ್ಣಿಗೆ ಬೀಳಬಾರದೆಂದು ಚೆಕಿಂಗಮ್ಮ ಎಲ್ಲರನ್ನೂ ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದಳು. ದಿನಾ ಸಂಜೆ ಕಾರ್ಖಾನೆಯಿಂದ ಬಂದವಳೇ ಕಾಲು ತೊಳೆದು, ಹಗ್ಗದ ತುದಿಗೆ ಬಟ್ಟೆಯ ಚೂರು ಕಟ್ಟಿಕೊಂಡು ನಡುಮನೆಯಲ್ಲಿ ಓಡುತ್ತಿದ್ದಳು. ನೂಲು ಮಲಗಿದಲ್ಲಿಂದಲೇ ಒಂದು ಪಂಜ ಎತ್ತಿ ಗಾಳಿಗೆ ಬೀಸಿ, ಕೆಲಸ ಮುಗಿಯಿತೆನ್ನುವ ಹಾಗೆ ಕಣ್ಣು ಮುಚ್ಚುತ್ತಿತ್ತು. ಓಡಿ ಓಡಿ ಚೆಕಿಂಗಮ್ಮನೇ ಮೂರು ವಾರದಲ್ಲಿ ಒಂದು ಕಿಲೋ ಇಳಿದಳು.

ನೂಲು ಮೂರು ವಾರದಲ್ಲಿ ನೂರು ಗ್ರಾಂ ಏರಿತು.

ಅವಳು ಲೆಕ್ಕ ಮತ್ತೆ ಮತ್ತೆ ಮಾಡಿದಳು. ತಕ್ಕಡಿಯನ್ನು ಅಲುಗಾಡಿಸಿ, ಬೇರೆ ಜಾಗದಲ್ಲಿಟ್ಟು ನೋಡಿದಳು. ಕಾಳಿನ ಡಬ್ಬಿಯನ್ನು ಬಟ್ಟೆಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ತಕ್ಕಡಿ ಸುಳ್ಳು ಹೇಳುತ್ತಿಲ್ಲ, ಡಬ್ಬಿ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಎರಡು ಕಾಲಿನ ಜೀವವೇ ಇರಬೇಕು.

ಮೊದಲ ಅನುಮಾನ ಅತ್ತೆಯ ಮೇಲೆ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಂತೆ ಹೊರಟು, ಬೀದಿಯ ತಿರುವಿನವರೆಗೂ ಹೋಗಿ, ಐದು ನಿಮಿಷ ಬಿಟ್ಟು ಬೆಕ್ಕಿನ ಹೆಜ್ಜೆಯಲ್ಲಿ ವಾಪಸು ಬಂದಳು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎಡಗೈಯಲ್ಲಿ ಹಾಲಿನ ಪಾತ್ರೆ, ಬಲಗೈಯಲ್ಲಿ ಚಮಚ, ಚಮಚದಲ್ಲಿ ಕೆನೆ. ಕೆಳಗೆ ನೂಲು ಭಕ್ತಿಯಿಂದ ಬಾಯಿ ತೆರೆದುಕೊಂಡಿತ್ತು.

“ಅತ್ತೆ!”

ಚಮಚ ಕೈ ಜಾರಿತು. ನೂಲು ಆ ಗಲಾಟೆಯಲ್ಲೂ ನೆಲ ನೆಕ್ಕುವುದನ್ನು ಬಿಡಲಿಲ್ಲ.

“ಒಂದೇ ಒಂದು ಚಮಚ ಕಣಮ್ಮ. ಮುಖ ನೋಡ್ಕೊಂಡು ಕೂರುತ್ತೆ, ಕರುಳು ಚುರ್ ಅನ್ನುತ್ತೆ.” ಅತ್ತೆ ಮೊದಲು ನಾಚಿದರು. ಆಮೇಲೆ ಸೊಸೆಯ ಕಾಲಿನ ಚಪ್ಪಲಿ, ಹೆಗಲ ಮೇಲಿನ ಚೀಲ ನೋಡಿದರು. ಅವಳು ಬೇಕೆಂದೇ ವಾಪಸು ಬಂದದ್ದು ಹೊಳೆಯಿತು. “ನನ್ನ ಹಿಡಿಯೋಕೆ ಅಂತ ಬಂದ್ಯಾ? ಬೀದಿ ತುದೀಲಿ ಬಚ್ಚಿಟ್ಕೊಂಡಿದ್ದು?”

ಚೆಕಿಂಗಮ್ಮ ಹಾಲಿನ ಪಾತ್ರೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅತ್ತೆ ಎರಡು ದಿನ ಹಾಲಿಲ್ಲದ ಕಾಫಿ ಕುಡಿದರು, ಅದೂ ಸೊಸೆಗೆ ಕಾಣುವ ಹಾಗೆ ಕೂತು.

ಕೆನೆ ನಿಂತಿತು. ಮುಂದಿನ ಭಾನುವಾರ ನೂಲು ಇನ್ನೂ ಐವತ್ತು ಗ್ರಾಂ ಮೇಲೆ.

ಎರಡನೆಯ ಸರದಿ ಗಂಡನದು. ವ್ಯಾನಿನ ಸೀಟಿನ ಕೆಳಗೆ ಕೈ ಹಾಕಿದಾಗ ಬೆಕ್ಕಿನ ಬಿಸ್ಕತ್ತಿನ ಪೊಟ್ಟಣ ಸಿಕ್ಕಿತು. ಅದನ್ನು ಊಟದ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತಳು.

“ಅದು ಶಾಲೆ ಗೇಟಿನ ಹತ್ರ ಇರೋ ಬೆಕ್ಕಿಗೆ ಕಣೇ. ಮೂರು ಮರಿ ಹಾಕಿದೆ, ಪಾಪ.”

“ಯಾವ ಗೇಟು? ಯಾವ ಬೆಕ್ಕು?”

ಗಂಡ ಫೋನು ತೆಗೆದು ಫೋಟೋ ತೋರಿಸಿದ. ವ್ಯಾನಿನ ಚಕ್ರದ ಪಕ್ಕ ಒಂದು ಬೂದು ಬಣ್ಣದ ಬೆಕ್ಕು, ಮೂರು ಮರಿ. ಚೆಕಿಂಗಮ್ಮ ಎರಡು ಬೆರಳಿಂದ ಫೋಟೋವನ್ನು ಹಿಗ್ಗಿಸಿ, ವ್ಯಾನಿನ ನಂಬರು ನೋಡಿ, ತಾರೀಖು ನೋಡಿದಳು. ಗಂಡ ಫೋನನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. “ಇಷ್ಟು ವರ್ಷ ಆಯ್ತು, ಇದೊಂದಕ್ಕೆ ನಿನ್ನ ಹತ್ರ ಸಾಕ್ಷಿ ಕೊಡೋ ಹಾಗಾಯ್ತಲ್ಲ,” ಎಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

ಈಗ ಉಳಿದವಳು ಒಬ್ಬಳೇ. ನಿಜ ಹೇಳಬೇಕೆಂದರೆ ಚೆಕಿಂಗಮ್ಮ ಮೊದಲಿಂದಲೂ ಅಲ್ಲಿಗೇ ಬರುವವಳಿದ್ದಳು. ಉಳಿದಿಬ್ಬರು ದಾರಿಯಲ್ಲಿ ಸಿಕ್ಕವರು.

ನೋಡಲು ಕೂತರೆ ಕಾಣದೇ ಇರುತ್ತದೆಯೇ? ಸಂಜೆ ಆರೂವರೆಗೆ ನಾದಿನಿ ಕಂಬಳಿಯ ಬಟ್ಟಲು ಹಿಡಿದು ಹಿಂದಿನ ಕೋಣೆಗೆ ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಎರಡು ನಿಮಿಷಕ್ಕೆ ನೂಲು ನಡುಮನೆಯಲ್ಲಿ ಇರುವುದಿಲ್ಲ. ಆ ಕೋಣೆಗೆ ಹಿತ್ತಿಲ ಕಡೆ ಇರುವ ಕಿಟಕಿಯ ಸರಳುಗಳ ನಡುವೆ ಒಂದು ಸಂದಿಯಿದೆ. ಏಳು ಕಿಲೋ ಬೆಕ್ಕು ಅದರಲ್ಲಿ ಹೇಗೆ ತೂರುತ್ತದೆ ಎಂಬುದು ಬೇರೆ ಮಾತು. ಕಾಲು ಗಂಟೆಗೆ ಅದೇ ದಾರಿಯಲ್ಲಿ ನಾಲಿಗೆ ಸವರುತ್ತ ಬರುತ್ತದೆ. ಬಟ್ಟಲು ತೊಳೆದು ಫಳಫಳ. ಕಸದ ಬುಟ್ಟಿಯಲ್ಲಿ ಒಂದು ಕಾಳೂ ಇಲ್ಲ. ನೂಲು ಈಚೆಗೆ ಮಲಗುವುದೂ ನಾದಿನಿಯ ಹಾಸಿಗೆಯ ಕಾಲದೆಸೆಯಲ್ಲೇ. ಚೆಕಿಂಗಮ್ಮನಿಗೆ ಎಲ್ಲಕ್ಕಿಂತ ಉರಿದದ್ದು ಅದು. ಆರು ವರ್ಷ ಸಾಕಿದ್ದು ಯಾರು, ಮಡಿಲು ಸಿಕ್ಕಿದ್ದು ಯಾರಿಗೆ? ಈ ಮನೆಯಲ್ಲಿ ಕಾಲೂರಲು ಇವಳು ಮೊದಲು ಬೆಕ್ಕನ್ನು ಹಿಡಿದಿದ್ದಾಳೆ. ಆಮೇಲೆ ಅತ್ತೆ, ಆಮೇಲೆ ಅಣ್ಣ.

ಬಾಯಿಂದ ಕೇಳಿದರೆ ಇವಳು ಬಾಯಿ ಬಿಡುವವಳಲ್ಲ. ಗುರುತು ಬೇಕು.

ಕಾರ್ಖಾನೆಯಲ್ಲಿ ಬಟ್ಟೆಗೆ ಗೆರೆ ಹಾಕುವ ನೀಲಿ ಚಾಕ್‌ಪೀಸು ಅವಳ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಭಾನುವಾರ ಮಧ್ಯಾಹ್ನ ನಾದಿನಿ ಬಟ್ಟೆ ಒಣಹಾಕಲು ಹೋದಾಗ, ಕಂಬಳಿಯ ಬಟ್ಟಲಿನ ಅಂಚಿಗೆ ಹೊರಗಡೆಯಿಂದ ಆ ಚಾಕ್‌ಪೀಸನ್ನು ಉಜ್ಜಿ ಉಜ್ಜಿ ಹಚ್ಚಿದಳು. ಸ್ಟೀಲಿನ ಮೇಲೆ ಅಷ್ಟಾಗಿ ಕಾಣುವುದಿಲ್ಲ, ತಾಗಿದರೆ ಮಾತ್ರ ಹತ್ತಿಕೊಳ್ಳುತ್ತದೆ. ಹಚ್ಚುವಾಗ ಅವಳಿಗೆ ಒಂಥರಾ ಖುಷಿಯೇ ಆಯಿತು. ತಪ್ಪಿದ ಹೊಲಿಗೆ ಬೆರಳಿಗೆ ಸಿಗುವ ಮುಂಚೆ ಆಗುವ ಖುಷಿ.

ಆರೂಮುಕ್ಕಾಲಿಗೆ ನೂಲು ಕಿಟಕಿಯಿಂದ ಇಳಿದು, ನಡುಮನೆಯ ಮಧ್ಯದಲ್ಲಿ ಕೂತು ಮೀಸೆ ನೆಕ್ಕಿಕೊಳ್ಳತೊಡಗಿತು. ಬಿಳಿಯ ಗಲ್ಲದ ತುಂಬ ನೀಲಿ.

ಚೆಕಿಂಗಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಗಂಡನಿಗೆ ತೋರಿಸಿದಳು, ಅತ್ತೆಗೆ ತೋರಿಸಿದಳು. “ನೋಡ್ಕೊಳ್ಳಿ. ನನ್ನನ್ನ ಅನುಮಾನದ ಪಿಶಾಚಿ ಅಂತ ಮುಖ ಊದಿಸ್ಕೊಂಡಿದ್ರಲ್ಲ, ಚೆನ್ನಾಗಿ ನೋಡ್ಕೊಳ್ಳಿ.” ಬೆಕ್ಕನ್ನು ಎತ್ತಿಕೊಂಡೇ ಹೋಗಿ ಹಿಂದಿನ ಕೋಣೆಯ ಬಾಗಿಲನ್ನು ಕಾಲಿನಿಂದ ನೂಕಿದಳು.

ನಾದಿನಿ ನೆಲದ ಮೇಲೆ ಕೂತಿದ್ದಳು. ಕಂಬಳಿಯ ತಲೆ ಅವಳ ತೊಡೆಯ ಮೇಲಿತ್ತು. ಪಕ್ಕದಲ್ಲಿ ಖಾಲಿ ಬಟ್ಟಲು.

“ಎಷ್ಟು ದಿನದಿಂದ ನಡೀತಿದೆ ಇದು?”

ನಾದಿನಿ ಬೆಕ್ಕಿನ ಗಲ್ಲ ನೋಡಿದಳು. ಬಟ್ಟಲಿನ ಅಂಚಿನ ಮೇಲೆ ಬೆರಳು ಎಳೆದಳು. ಬೆರಳ ತುದಿ ನೀಲಿಯಾಯಿತು. ಅದನ್ನೇ ನೋಡುತ್ತ ನೋಡುತ್ತ ಅವಳ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆ ಎಂದು ಚೆಕಿಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಇದು ಅದಲ್ಲ.

“ಚಾಕ್ ಹಚ್ಚಿದ್ರಾ, ಅತ್ತಿಗೆ?”

“ಹಚ್ಚದೆ ಏನ್ಮಾಡ್ಲಿ? ಕೇಳಿದ್ರೆ ಬಾಯಿ ಬಿಡೋಳಾ ನೀನು? ಬಂದಾಗಿಂದ ನನ್ನ ಬೆಕ್ಕನ್ನ ಬುಟ್ಟಿಗೆ ಹಾಕ್ಕೊಂಡಿದ್ದೀಯ. ಅದರ ಪ್ರಾಣಕ್ಕೆ ಬಂದ್ರೂ ನಿನಗೇನೂ ಅನ್ಸಲ್ಲ. ಅಲ್ಲಿ ಏನೇನು ಮಾಡಿ ಬಂದಿದ್ದೀಯೋ, ಯಾರಿಗೆ ಗೊತ್ತು!”

“ಸಾಕು ಮಾಡೇ,” ಎಂದ ಗಂಡ ಹಿಂದಿನಿಂದ. ಅವನು ಅವಳ ಹತ್ತಿರ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ನಾದಿನಿ ಅಳಲಿಲ್ಲ. ನೀಲಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಅವನು ಹಿಟ್ಟು ಉದುರಿಸ್ತಿದ್ದ,” ಎಂದಳು.

“ಯಾರು?”

“ಅವನೇ. ಬೆಳಿಗ್ಗೆ ಆಫೀಸಿಗೆ ಹೋಗೋವಾಗ ಹೊಸ್ತಿಲಿಗೆ ಹಿಟ್ಟು ಉದುರಿಸಿ ಹೋಗ್ತಿದ್ದ. ಸಂಜೆ ಬಂದು ಬಗ್ಗಿ ನೋಡ್ತಿದ್ದ, ಯಾರ ಹೆಜ್ಜೆ ಇದೆ ಅಂತ. ಕಂಬಳೀನ ಹೊರಗೆ ಬಿಟ್ಟಿದ್ರೂ ರಾತ್ರಿಯೆಲ್ಲ ಪ್ರಶ್ನೆ. ಒಂದು ದಿನ ಜೋರಾಗಿ ಮಾತಾಡಿದವನಲ್ಲ, ಕೈ ಎತ್ತಿದವನಲ್ಲ. ಸುಮ್ನೆ ನೋಡೋನು. ನಾಲ್ಕು ವರ್ಷ.” ಅವಳು ಅಣ್ಣನ ಕಡೆ ತಿರುಗಿದಳು. “ಇದನ್ನ ಯಾರ ಹತ್ರ ಹೇಳ್ಲಿ ಅಣ್ಣ? ಹಿಟ್ಟು ಹಾಕ್ತಾನೆ ಅಂತ ಹೇಳಿದ್ರೆ ನೀವೆಲ್ಲ ನಗ್ತಿದ್ರಿ.”

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನೂಲು ಚೆಕಿಂಗಮ್ಮನ ಕೈಯಿಂದ ಜಾರಿ, ಧೊಪ್ಪೆಂದು ನೆಲಕ್ಕೆ ಬಿದ್ದು, ಬಟ್ಟಲಿನಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ಮೂಸಲು ಹೋಯಿತು.

“ಬೆಕ್ಕಿಗೆ ನಾನು ಹಾಕ್ಲಿಲ್ಲ ಅತ್ತಿಗೆ. ಬಿಟ್ಟೆ, ಅಷ್ಟೆ. ಇಲ್ಲಿ ಕೈ ಹಾಕಿ ನೋಡಿ.” ನಾದಿನಿ ಕಂಬಳಿಯ ಬೆನ್ನಿನ ಕೂದಲನ್ನು ಸರಿಸಿ ತೋರಿಸಿದಳು.

ಚೆಕಿಂಗಮ್ಮ ಮಂಡಿಯೂರಿ ಕೈ ಇಟ್ಟಳು. ಕಣ್ಣು ಮುಚ್ಚಿ ಮುಟ್ಟಿದರೂ ಬಟ್ಟೆ ಎಷ್ಟು ದಪ್ಪ, ಒಳಪದರ ಏನು ಎಂದು ಹೇಳುವ ಕೈ ಅದು. ಕೂದಲಿನ ರಾಶಿಯಲ್ಲಿ ಬೆರಳು ಇಳಿಯಿತು, ಇನ್ನೂ ಇಳಿಯಿತು, ಮಾಂಸವೇ ಸಿಗದೆ ನೇರ ಮೂಳೆಗೆ ತಾಗಿತು. ಪಕ್ಕೆಲುಬುಗಳು ಬುಟ್ಟಿಯ ಕಡ್ಡಿಯ ಹಾಗೆ ಒಂದೊಂದಾಗಿ ಎಣಿಸಲು ಸಿಗುತ್ತಿದ್ದವು. ಈ ನಾಯಿ ದಿನಾ ಅವಳ ಕಣ್ಣೆದುರೇ ಹಿತ್ತಿಲಿಗೆ ಹೋಗಿ ಬರುತ್ತಿತ್ತು. ಅವಳು ಕೂದಲು ನೋಡಿದ್ದಳು, ನಾಯಿಯನ್ನು ನೋಡಿರಲಿಲ್ಲ.

“ಎರಡು ತಿಂಗಳಾಯ್ತು. ಬಾಯಿಗೆ ತಗೊಳ್ಳತ್ತೆ, ಕೆಳಗೆ ಹಾಕತ್ತೆ. ಹಾಲಲ್ಲಿ ನೆನೆಸಿ ಕೊಟ್ರೆ ನಾಲ್ಕು ಗುಟುಕು. ಕಸಕ್ಕೆ ಹಾಕಿದ್ರೆ ನಿಮ್ಮ ಕಣ್ಣಿಗೆ ಬೀಳ್ತಿತ್ತು. ನೂಲು ಬಂದು ತಿಂದುಹೋಗ್ತಿದ್ದ, ನಾನು ಸುಮ್ನಿದ್ದೆ.”

“ಯಾಕೆ ಹೇಳ್ಲಿಲ್ಲ?”

“ನೀವೇ ಹೇಳಿದ್ರಲ್ಲ ಅತ್ತಿಗೆ. ಬಂದ ದಿನಾನೇ.”

ಆಗಲೂ, ಆ ಗಳಿಗೆಯಲ್ಲೂ, ಚೆಕಿಂಗಮ್ಮನ ಮನಸ್ಸಿನ ಒಂದು ಮೂಲೆ ಕೇಳುತ್ತಿತ್ತು: ಹಿಟ್ಟಿನ ಕತೆ ನಿಜವೇ? ಇವಳು ಈಗ ಕಟ್ಟಿದ್ದೇ? ಕಾಲರು ಅಷ್ಟು ನೆಟ್ಟಗಿದ್ದ ಮನುಷ್ಯ ನೆಲಕ್ಕೆ ಬಗ್ಗಿ ಹೆಜ್ಜೆ ಹುಡುಕುತ್ತಾನೆಯೇ? ಹಾಗೆ ಕೇಳಿಕೊಳ್ಳುತ್ತಿದ್ದೇನೆ ಎಂದು ತನಗೇ ತಿಳಿದಾಗ ಅವಳು ನಾಯಿಯ ಮೈಮೇಲಿಂದ ಕೈ ತೆಗೆದಳು. ತನ್ನ ಬೆರಳುಗಳನ್ನು ನೋಡಿಕೊಂಡಳು. ಮಧ್ಯಾಹ್ನದ ಚಾಕ್‌ಪೀಸಿನ ನೀಲಿ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

ಮಾರನೆಯ ದಿನ ಅವಳು ಕಾರ್ಖಾನೆಗೆ ರಜೆ ಹೇಳಿದಳು. ಸೂಪರ್‌ವೈಸರು ಎರಡು ಸಲ “ಯಾರು ಮಾತಾಡ್ತಿರೋದು?” ಎಂದು ಕೇಳಿ ಖಚಿತ ಮಾಡಿಕೊಂಡ. ಗಂಡ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ಖಾಲಿ ವ್ಯಾನಿನಲ್ಲಿ ಹೆಂಡತಿ, ತಂಗಿ, ನಾಯಿ ಮೂವರನ್ನೂ ಕರೆದೊಯ್ದ.

ಡಾಕ್ಟರಮ್ಮ ಕಂಬಳಿಯ ತುಟಿ ಎತ್ತಿದ್ದೇ ತಡ ಮುಖ ತಿರುಗಿಸಿದರು. ವಾಸನೆ ಕೋಣೆ ತುಂಬಿತು. ಮೇಲಿನ ದವಡೆಯ ಹಿಂದಿನ ದೊಡ್ಡ ಹಲ್ಲು ಸೀಳಿಹೋಗಿ, ಬೇರಿನಲ್ಲಿ ಕೀವು ತುಂಬಿ, ಕಣ್ಣಿನ ಕೆಳಗಿನವರೆಗೂ ಬಾವು ಏರಿತ್ತು. ಕೂದಲಿದ್ದದ್ದರಿಂದ ಹೊರಗೆ ಕಂಡಿರಲಿಲ್ಲ.

“ಮುದಿತನಾನಾ ಡಾಕ್ಟ್ರೇ? ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡ್ಬೇಕಾ?” ಎಂದು ಕೇಳಿದಳು ನಾದಿನಿ.

“ಯಾರಮ್ಮ ಹೇಳಿದ್ದು ಹಾಗಂತ? ಹಲ್ಲು ಕೀಳ್ಬೇಕು, ಅಷ್ಟೆ. ಇನ್ನೊಂದು ತಿಂಗಳು ಬಿಟ್ಟಿದ್ರೆ ನಂಜು ಮೈಗೆಲ್ಲ ಏರಿರೋದು. ಇಷ್ಟು ದಿನ ಮನೇಲಿ ಯಾರೂ ನೋಡ್ಲಿಲ್ವಾ?”

ನಾದಿನಿ ತಲೆ ತಗ್ಗಿಸಿದಳು.

“ನಾನು ನೋಡ್ಬೇಕಿತ್ತು,” ಎಂದಳು ಚೆಕಿಂಗಮ್ಮ. “ನೋಡ್ಲಿಲ್ಲ.”

ಕಂಬಳಿಗೆ ಮತ್ತು ಬರಿಸಿ ಒಳಗೆ ಕರೆದೊಯ್ದರು. ಗಂಡ ವ್ಯಾನಿನಲ್ಲಿ ಕಾಯುತ್ತಿದ್ದ, ಹೊರಗಿನ ಬೆಂಚಿನ ಮೇಲೆ ಅತ್ತಿಗೆ ನಾದಿನಿ ಇಬ್ಬರೇ ಉಳಿದರು. ಎದುರಿನ ಗೋಡೆಯಲ್ಲಿ ಹುಳದ ಮಾತ್ರೆಯ ಜಾಹೀರಾತು. ಅದನ್ನು ಎಷ್ಟು ಸಲ ಓದುವುದು? ಚೆಕಿಂಗಮ್ಮ ಕೊನೆಗೆ ಹೇಳಿದಳು, “ಹಿಟ್ಟಿನ ವಿಷಯ ನನಗೆ ಗೊತ್ತಿರ್ಲಿಲ್ಲ.”

“ಗೊತ್ತಿದ್ದಿದ್ರೆ ಚಾಕ್ ಹಚ್ತಿರ್ಲಿಲ್ವಾ?”

ಕುಟುಕುವ ದನಿ ಇರಲಿಲ್ಲ ಅದರಲ್ಲಿ. ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು. ‘ಖಂಡಿತ ಹಚ್ತಿರ್ಲಿಲ್ಲ’ ಎನ್ನುವುದು ಸುಲಭವಿತ್ತು. ಚೆಕಿಂಗಮ್ಮ ಉಗುರಿನ ಸಂದಿಯ ನೀಲಿಯನ್ನು ಕೆರೆದಳು.

“ಗೊತ್ತಿಲ್ಲ ಕಣೇ. ಹಚ್ತಿದ್ನೋ ಏನೋ. ಆದ್ರೆ ನಿನ್ನೆ ಆಡಿದ ಮಾತು ತಪ್ಪು. ಅಲ್ಲಿ ಏನು ಮಾಡಿ ಬಂದ್ಯೋ ಅಂದ್ನಲ್ಲ, ಅದು. ಅದನ್ನ ನಾನು ಆಡಬಾರದಿತ್ತು.”

ನಾದಿನಿ, ಆಗಷ್ಟೇ ಬಂದು ಎದುರಿಗೆ ಕೂತವನ ಮಡಿಲಲ್ಲಿದ್ದ ಮೊಲವನ್ನು ತೋರಿಸಿ, “ಅದರ ಕಿವಿ ನೋಡಿ, ಎಷ್ಟು ಉದ್ದ,” ಎಂದಳು. ಚೆಕಿಂಗಮ್ಮ ಮೊಲ ನೋಡಿದಳು.

ಹಲ್ಲು ಕಿತ್ತ ಐದನೆಯ ದಿನ ಕಂಬಳಿ ಬೇಯಿಸಿದ ಮಾಂಸವನ್ನು ಬಟ್ಟಲು ಸಹಿತ ನುಂಗುವ ಹಾಗೆ ತಿಂದಿತು. ಗಂಡ ಹಿತ್ತಿಲ ಕಿಟಕಿಯ ಸಂದಿಗೆ ತಂತಿಬಲೆ ಹೊಡೆದ. ನೂಲು ಅದರ ಮುಂದೆ ಕೂತು, ಆಸ್ತಿ ಕಳೆದುಕೊಂಡವರ ಹಾಗೆ ಕೂಗಿತು. ಮೂರು ದಿನ ಕೂಗಿ, ನಾಲ್ಕನೆಯ ದಿನದಿಂದ ಮನೆಯ ಒಬ್ಬೊಬ್ಬರನ್ನೂ ಕಣ್ಣು ಸಣ್ಣ ಮಾಡಿ ದಿಟ್ಟಿಸತೊಡಗಿತು. ಅತ್ತೆ ಹೇಳಿದರು, “ನೋಡು, ನಿನ್ನ ಹಾಗೇ ನೋಡ್ತಿದೆ.” ಅವರು ಸೊಸೆಯ ಜೊತೆ ಸರಿಯಾಗಿ ಮಾತಾಡಿ ಆಗ ಎರಡು ವಾರವಾಗಿತ್ತು. ಚೆಕಿಂಗಮ್ಮ ಬೀರುವಿನ ಕೀಲಿಯನ್ನೂ ಸಣ್ಣ ತಕ್ಕಡಿಯನ್ನೂ ತಂದು ಅವರ ಮುಂದಿಟ್ಟು, “ಬೆಳಗಿನ ಕಾಳು ಇನ್ಮೇಲೆ ನೀವೇ ತೂಗಿ ಹಾಕಿ ಅತ್ತೆ,” ಎಂದಳು. ಅವತ್ತಿಂದ ಅತ್ತೆ ತಕ್ಕಡಿಯ ಮುಂದೆ ಕನ್ನಡಕ ಹಾಕಿಕೊಂಡು ಕೂರುತ್ತಿದ್ದರು. ಒಂದು ಕಾಳು ಹೆಚ್ಚಾದರೆ ತೆಗೆದು ಡಬ್ಬಿಗೆ ಹಾಕುತ್ತಿದ್ದರು. ಕೆನೆ ಕೊಡುತ್ತಿದ್ದ ಕೈ ಅದೇನಾ ಎಂದು ನೂಲಿಗೇ ಗುರುತು ಹತ್ತಲಿಲ್ಲ.

ಮೊದಲ ತಿಂಗಳು ನೂರಿಪ್ಪತ್ತು ಗ್ರಾಂ ಇಳಿಯಿತು. ಆಮೇಲೆ ನೂರೈವತ್ತು. ನಡುವೆ ಒಂದು ತಿಂಗಳು ಇದ್ದಲ್ಲೇ ನಿಂತಿತು. ಆಗ ಚೆಕಿಂಗಮ್ಮನ ಕಣ್ಣು ಮತ್ತೆ ಎಲ್ಲರ ಕೈಯ ಕಡೆಗೆ ಓಡಿತು; ಗಂಡನ ವ್ಯಾನಿನ ಹತ್ತಿರ ಹೋಗಿ, ಬಾಗಿಲಿಗೆ ಕೈ ಹಾಕಿ, ತೆರೆಯದೆ ವಾಪಸು ಬಂದಳು. ಏಳೆಂಟು ತಿಂಗಳಲ್ಲಿ ನೂಲು ಆರೂಕಾಲು ಕಿಲೋಗೆ ಬಂತು. ಬೀರುವಿನ ತಲೆಯವರೆಗೆ ಅಲ್ಲದಿದ್ದರೂ ಕುರ್ಚಿಯ ಮೇಲಕ್ಕೆ ಓಡದೆಯೇ ಹಾರುವಷ್ಟಾಯಿತು. “ಇನ್ನೂ ದೂರ ಇದೆ,” ಎಂದರು ಡಾಕ್ಟರಮ್ಮ, “ಆದ್ರೆ ದಾರಿ ಸರಿಯಾಗಿದೆ.”

ಅಷ್ಟರಲ್ಲಿ ನಾದಿನಿಗೆ ಒಂದು ಮುದ್ರಣದಂಗಡಿಯಲ್ಲಿ ಕೆಲಸ ಸಿಕ್ಕಿತು. ಇನ್ನೆರಡು ತಿಂಗಳಿಗೆ ಎರಡು ಬೀದಿಯಾಚೆ ಒಂದು ಕೋಣೆ ನೋಡಿಕೊಂಡಳು. ಅತ್ತೆ ಬೇಡವೆಂದರು. ಅಣ್ಣ ಸುಮ್ಮನೆ ವ್ಯಾನಿಗೆ ಸಾಮಾನು ಹೇರಿದ. ಭಾನುವಾರ ಬೆಳಿಗ್ಗೆ ಹಾಸಿಗೆ, ಒಲೆ, ಕಂಬಳಿಯ ಚಾಪೆ ಎಲ್ಲ ಇಳಿಸುವಾಗ, ಹೊಸ ಮನೆಯ ಮೆಟ್ಟಿಲ ಬುಡದಲ್ಲಿ ಚೆಕಿಂಗಮ್ಮ ನಾದಿನಿಯ ಮೊಣಕೈ ಹಿಡಿದು ನಿಲ್ಲಿಸಿದಳು.

“ನಾನು ಚಾಕ್ ಹಚ್ಚಿದ್ದಕ್ಕೇ ಹೋಗ್ತಿದ್ದೀಯಾ? ನಿಜ ಹೇಳು.”

“ಇಲ್ಲ ಅತ್ತಿಗೆ. ನನ್ನದೇ ಅಂತ ಒಂದು ಬೀಗ ಇರ್ಲಿ ಅನ್ನಿಸ್ತು.”

ಅದು ಪೂರ್ತಿ ನಿಜವೇ? ಚೆಕಿಂಗಮ್ಮ ಅವಳ ಮುಖ ನೋಡಿದಳು. ಅವಳು ಕಣ್ಣು ತಪ್ಪಿಸಲಿಲ್ಲ, ಹಾಗೆಂದು ಎಲ್ಲ ಹೇಳಿದಂತೆಯೂ ಕಾಣಲಿಲ್ಲ. ಇನ್ನೊಂದು ಸಲ ಕೇಳಲು ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಪಾತ್ರೆಯ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಮೂರನೆಯ ಮಹಡಿ, ಲಿಫ್ಟು ಇರಲಿಲ್ಲ. ಕಂಬಳಿ ಆಗಲೇ ಮೇಲೆ ಓಡಿಹೋಗಿ, ಬಾಗಿಲ ಮುಂದೆ ನಿಂತು ಅವರನ್ನೆಲ್ಲ ಬೇಗ ಬೇಗ ಬನ್ನಿ ಎಂದು ಬೊಗಳುತ್ತಿತ್ತು.